ಆಮೆಯ ಊರು ಯಾವುದು?

ನಮ್ಮ ಹೊಳೆಯ ಆಮೆಗಳು ಕತ್ತನ್ನು ನೇರವಾಗಿ ಚಿಪ್ಪಿನೊಳಕ್ಕೆ ಎಳೆದುಕೊಳ್ಳುತ್ತವೆ. ಕತ್ತನ್ನು ಪಕ್ಕಕ್ಕೆ ಮಡಚಿಕೊಳ್ಳುವ ಆಮೆಗಳೂ ಇವೆ. ಅವುಗಳಲ್ಲಿ ಪೊಡೊಕ್ನೆಮಿಡಿಡೇ ಎಂಬ ಹೊಳೆಯಾಮೆ ಕುಟುಂಬದಲ್ಲಿ ಇಂದು ಉಳಿದಿರುವುದು 8 ಪ್ರಭೇದ: 7 ದಕ್ಷಿಣ ಅಮೆರಿಕದಲ್ಲಿ, 1 ಮಡಗಾಸ್ಕರ್‌ನಲ್ಲಿ. ಪಳೆಯುಳಿಕೆಗಳು ಮಾತ್ರ ಈಜಿಪ್ಟಿನಲ್ಲೂ ಮ್ಯಾನ್ಮಾರಿನಲ್ಲೂ ಸಿಕ್ಕಿವೆ. ಇವಕ್ಕೆ ಹತ್ತಿರದ, ಪೂರ್ತಿ ಅಳಿದುಹೋದ ಬಳಗವೊಂದರ ಆಮೆ ತಮಿಳುನಾಡಿನ ಕಲ್ಲಮೇಡಿನಲ್ಲಿ ದೊರೆಯಿತು. 2001ರಲ್ಲಿ ಅದಕ್ಕೆ ಕೂರ್ಮದ ನೆನಪಿನಲ್ಲಿ ಕುರ್ಮಡೆಮಿಸ್ ಎಂದು ಹೆಸರಿಟ್ಟರು. ಈಗ ಭಾರತದಲ್ಲಿ ಪಕ್ಕಕ್ಕೆ ಕತ್ತು ಮಡಚುವ ಒಂದು ಆಮೆಯೂ ಇಲ್ಲ.

ಹಾಗಾದರೆ ಇವುಗಳ ಊರು ಯಾವುದು? ಬದುಕಿ ಉಳಿದ ಜಾಗವನ್ನೇ ಮೂಲವೆಂದು ಕರೆದರೆ ಅಳಿದವರ ಲೆಕ್ಕ ತಪ್ಪಿಹೋಗುತ್ತದೆ. ವರ್ಗೀಕರಣ ನಂಟನ್ನು ಹೇಳುತ್ತದೆ. ನೆಲದ ಹಕ್ಕುಪತ್ರ ಬರೆದುಕೊಡುವುದಿಲ್ಲ. ‘ನಾವೇ ಇಲ್ಲಿಯ ಮೂಲದವರು, ನೀವು ಹೊರಗಿನವರು’ ಎಂಬ ಜಗಳ ಕೇಳಿದಾಗಲೆಲ್ಲ, ಸಂಶೋಧನಾ ವಿದ್ಯಾರ್ಥಿಯಾದ ನನಗೆ ಕಲ್ಲಮೇಡಿನ ಮೂಳೆಗಳು ನೆನಪಾಗುತ್ತವೆ. ಇಂದು ಇಲ್ಲಿ ಕಾಣದವರೆಲ್ಲ ಹೊರಗಿನವರೇನಲ್ಲ.