ಬೇರೊಬ್ಬರ ಬೆರಳು

ಉಪಕಾರ ಮಾಡುವುದರಲ್ಲಿ ಒಂದು ಅಪಾಯವಿದೆ. ಒಳ್ಳೆಯವರು ಮಾಡಿದಾಗ ಅದು ಇನ್ನೂ ಹೆಚ್ಚು. ಮೋಸಗಾರನ ಕೈಗೆ ಕಾಗದ ಕೊಟ್ಟವನು ಎಂದಾದರೊಂದು ದಿನ ಎಚ್ಚತ್ತು ತಾನೇ ಓದು ಕಲಿತಾನು. ಪ್ರಾಮಾಣಿಕನ ಕೈಗೆ ಕೊಟ್ಟವನಿಗೆ ಕಲಿಯುವ ಕಾರಣವೇ ಹುಟ್ಟುವುದಿಲ್ಲ. ಗೋಕಾಕ, ಅದರಿಂದ ಬೇರೆಯಾಗಿ ಈಗ ತಾಲೂಕಾಗಿರುವ ಮೂಡಲಗಿ, ಪಕ್ಕದ ಹುಕ್ಕೇರಿ, ಈ ಸೀಮೆಯ ಹಳ್ಳಿಗಳಲ್ಲಿ ಮೊಬೈಲಿನ ವ್ಯವಹಾರವನ್ನು ಕಂಡಾಗಲೆಲ್ಲ ಈ ಮಾತು ನನ್ನನ್ನು ಕಾಡುತ್ತದೆ.

ಗೃಹಲಕ್ಷ್ಮಿ ಯೋಜನೆ ಬಂದದ್ದು 2023ರ ಆಗಸ್ಟಿನಲ್ಲಿ. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಹೆಸರು ಅವಳದು, ಖಾತೆಯೂ ಅವಳದು. ಆದರೆ ಹಣ ಬಂದ ಸುದ್ದಿ ಎಷ್ಟೋ ಮನೆಗಳಲ್ಲಿ ಹೋಗುವುದು ಮಗನ ಮೊಬೈಲಿಗೆ. ಬ್ಯಾಂಕು ಕಳಿಸುವ ಗುಟ್ಟಿನ ಅಂಕೆಯೂ ಅಲ್ಲಿಗೇ. ಮಗ ಸುಪುತ್ರನೇ ಇರಲಿ. ತವರಿನ ಮದುವೆಗೆ ಒಂದು ಸೀರೆ ಕೊಳ್ಳಬೇಕಾದರೂ ಅವನಿಗೆ ಹೇಳಿಯೇ ಕೊಳ್ಳಬೇಕು.

ಕೂಡಿ ಮಾಡುವುದು ಈ ಸೀಮೆಗೆ ಹೊಸದಲ್ಲ. ಹುಕ್ಕೇರಿಯಲ್ಲಿ 1969ರಲ್ಲಿಯೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಅಲ್ಲಿ ಕರೆಂಟು ಹಂಚುತ್ತ ಬಂದದ್ದು ಸದಸ್ಯರ ಸಂಘವೇ. ಆದರೆ ದೀಪದ ಗುಂಡಿಗೂ ಮೊಬೈಲಿನ ಗುಂಡಿಗೂ ಭೇದವಿದೆ. ದೀಪವನ್ನು ಯಾರು ಹೊತ್ತಿಸಿದರೂ ಬೆಳಕು ಎಲ್ಲರದು. ಮೊಬೈಲಿನಲ್ಲಿ ನಮ್ಮ ಪರವಾಗಿ ಗುಂಡಿ ಒತ್ತಿದವನು ನಮ್ಮ ಪರವಾಗಿ ಮಾತು ಕೊಟ್ಟಂತೆ.

ಹೆಂಗಸರ ಸ್ವಸಹಾಯ ಸಂಘಗಳನ್ನೇ ನೋಡಿ. ಲೆಕ್ಕದ ಪುಸ್ತಕ ಬರೆಯಬಲ್ಲವಳು ಒಬ್ಬಳಿದ್ದರೆ, ಉಳಿದವರ ಮೊಬೈಲುಗಳನ್ನು ನಡೆಸುವ ಭಾರವೂ ಅವಳ ಮೇಲೆಯೇ ಬೀಳುತ್ತದೆ. ಅವರ ಗುಟ್ಟಿನ ಅಂಕೆಗಳೆಲ್ಲ ಅವಳಿಗೆ ಬಾಯಿಪಾಠ. ಅವಳಲ್ಲಿ ಕಪಟವಿಲ್ಲ, ತೊಡಕಿರುವುದೂ ಅಲ್ಲಿಯೇ. "ನೀನ ಒತ್ತವಾ ತಂಗಿ, ನಾ ಒತ್ತಿದರ ಏನರ ಕೆಟ್ಟೀತು" ಎನ್ನುವ ಮುದುಕಿ, ಜನ್ಮವೆಲ್ಲ ಎಮ್ಮೆ ಕಟ್ಟಿದವಳು, ಘಟಪ್ರಭೆಯ ಕಾಲುವೆಯ ನೀರನ್ನು ಕತ್ತಲಲ್ಲಿ ಕಬ್ಬಿಗೆ ತಿರುವಿದವಳು. ಅವಳಿಗೆ ಧೈರ್ಯ ಸಾಲದೆನ್ನಲು ನನಗೆ ನಾಲಿಗೆ ಬಾರದು. ಎಮ್ಮೆ ಒದ್ದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತು. ಇಲ್ಲಿ ತಪ್ಪಿದರೆ ಹಿಂದಿರುಗುವ ದಾರಿಯನ್ನು ಯಾರೂ ತೋರಿಸಿಲ್ಲ. ಕಲಿಸುವವರು ಮೊದಲು ಅದನ್ನೇ ತೋರಿಸಲಿ. ಅವಳು ಒಂದೇ ರೂಪಾಯಿ ಕಳಿಸಲಿ, ಬೇಡದ ಕಡೆ ಒತ್ತಲಿ, ಹಿಂದೆ ಬರಲಿ. ಅದಕ್ಕೆ ಸಂಘದ ಸಭೆಗಿಂತ ತಕ್ಕ ಜಾಗವಿಲ್ಲ. ಅಲ್ಲಿ ನಗುವವರೂ ತಪ್ಪುವವರೇ.

ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿ 2024ರಲ್ಲಿ ಮುಗಿಸಿದ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ 6 ಕೋಟಿ ಮನೆಗಳ ಗುರಿ ಇಟ್ಟುಕೊಂಡಿತ್ತು: ಮನೆಗೊಬ್ಬರು, ವಯಸ್ಸು 14ರಿಂದ 60, ಪಾಠ 20 ಗಂಟೆ. ದೊಡ್ಡ ಕೆಲಸವೇ ಸರಿ. ಆದರೆ ಮನೆಗೊಬ್ಬರು ಕಲಿತರೆ ಸಾಕೆಂಬ ಲೆಕ್ಕದಲ್ಲಿ, ಮನೆಯೆಂದರೆ ಒಂದೇ ಮನಸ್ಸೆಂಬ ಊಹೆಯಿದೆ. ಅತ್ತೆ ಸೊಸೆಯರಿರುವ ಮನೆಯನ್ನು ಕಂಡವರು ಇಂಥ ಲೆಕ್ಕ ಹಾಕಲಾರರು! ಅರವತ್ತು ದಾಟಿದ ಅತ್ತೆಯಂತೂ ಲೆಕ್ಕದಿಂದಲೇ ಹೊರಗೆ.

ಹಾಗೆಂದು ಎಲ್ಲರೂ ಎಲ್ಲವನ್ನೂ ಕಲಿಯಲೇಬೇಕೆಂಬ ಹಟವೂ ಒಂದು ಬಗೆಯ ನಿರ್ದಯೆಯೇ. ಕಣ್ಣು ಮಂಜಾದವರಿದ್ದಾರೆ, ದುಡಿದು ದುಡಿದು ಬೆರಳ ಗೆರೆ ಸವೆದು, ರೇಷನ್ ಅಂಗಡಿಯ ಯಂತ್ರಕ್ಕೂ ಗುರುತು ಸಿಗದವರಿದ್ದಾರೆ. ಅವರಿಗೆ ಬೇರೊಬ್ಬರ ನೆರವು ಬೇಕೇ ಬೇಕು. ಆಗಲೂ ನೆರವಿಗೆ ಕುಳಿತವರು "ಅವ್ವಾ, ಇಷ್ಟು ರೂಪಾಯಿ, ಇಂಥವರಿಗೆ ಹೋಗತೈತಿ. ಒತ್ತಲೇನು?" ಎಂದು ಅವಳಿಗೆ ತಿಳಿಯುವಂತೆ ಕೇಳಿ, ಅವಳು ಹೂಂ ಎನ್ನುವವರೆಗೆ ಬೆರಳನ್ನು ತಡೆದು ಹಿಡಿಯಬಹುದಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ, ನಿಜ. ಗೊಣಗಲಿ.