ಗೃಹಸಭೆ

ಕ್ರೈಸ್ತ ಚಿಂತನೆಯಲ್ಲಿ ಬಹು ಪ್ರಾಚೀನವಾದದ್ದಾಗಿದ್ದೂ, ನಡುವಣ ಶತಮಾನಗಳಲ್ಲಿ ಬಹುಮಟ್ಟಿಗೆ ಮರೆವಿಗೆ ಸಂದು, ಈಚೆಗೆ ಪುನಃ ಗೌರವಕ್ಕೆ ಪಾತ್ರವಾಗಿರುವ ಒಂದು ಕಲ್ಪನೆಯುಂಟು. ತಂದೆತಾಯಿಗಳೂ ಮಕ್ಕಳೂ ಅಜ್ಜ ಅಜ್ಜಿಯರೂ ಕೂಡಿ ಬಾಳುವ ಮನೆಯೇ ಒಂದು ಧರ್ಮಸಭೆ ಎಂಬುದು ಆ ಕಲ್ಪನೆ. ಮೇಲುನೋಟಕ್ಕೆ ಇದು ಭಕ್ತಿವಂತ ಕುಟುಂಬಗಳನ್ನು ಹೊಗಳುವುದಕ್ಕಾಗಿ ಉಪದೇಶಕರು ಕಂಡುಕೊಂಡ ಸವಿಮಾತಿನಂತೆ ತೋರುತ್ತದೆ; ಮದುವೆಯ ದಿನ ಪಾದ್ರಿಗಳ ಬಾಯಿಂದ ಇದನ್ನು ಕೇಳಿ, ತಲೆದೂಗಿ, ಊಟಕ್ಕೆ ಏಳುವವರೇ ಹೆಚ್ಚು. ವಿಚಾರಿಸಿ ನೋಡಿದರೆ ಇದರೊಳಗೆ ಕಠಿನವಾದೊಂದು ತಾತ್ತ್ವಿಕ ಪ್ರತಿಜ್ಞೆ ಅಡಗಿದೆ. ಪ್ರೀತಿ, ಕ್ಷಮೆ, ಕೃತಜ್ಞತೆ ಮೊದಲಾದವನ್ನು ಮನುಷ್ಯನು ಮೊದಲು ಅರಿತು ಆಮೇಲೆ ಆಚರಿಸುತ್ತಾನೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವಷ್ಟೆ. ಗೃಹಸಭೆಯ ಕಲ್ಪನೆ ಇದನ್ನು ತಿರುವುಮುರುವು ಮಾಡುತ್ತದೆ. ತಾನು ಆರಿಸಿಕೊಳ್ಳದ ಜನರ ನಡುವೆ, ಅರ್ಥ ತಿಳಿಯುವ ಮೊದಲೇ, ಆಚರಿಸುತ್ತ ಆಚರಿಸುತ್ತ ಅವನು ಅವನ್ನು ಅರಿಯುತ್ತಾನೆ ಎಂಬುದೇ ಅದರ ವಾದ.

ಕಲ್ಪನೆ ಹುಟ್ಟಿದ್ದು ವಿಚಾರದಿಂದಲ್ಲ, ಇಕ್ಕಟ್ಟಿನಿಂದ. ರಾಜಮನ್ನಣೆಯಿಲ್ಲದ ಆದಿಕಾಲದ ಕ್ರೈಸ್ತರು ಯಾರಾದರೊಬ್ಬರ ಮನೆಯ ನಡುಕೋಣೆಯಲ್ಲಿ ಕೂಡುತ್ತಿದ್ದರು. ಗುಡಾರ ಮಾಡುವ ಕಸುಬಿನವರಾದ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಗಳ ಮನೆಯಲ್ಲಿ ಕೂಡುತ್ತಿದ್ದ ಸಭೆಯನ್ನೂ, ನುಂಫಳೆಂಬ ಹೆಂಗಸಿನ ಮನೆಯ ಸಭೆಯನ್ನೂ, ಫಿಲೆಮೋನನ ಮನೆಯ ಸಭೆಯನ್ನೂ ಹೊಸ ಒಡಂಬಡಿಕೆಯ ಪತ್ರಗಳು ಹೆಸರಿಸಿ ವಂದಿಸುತ್ತವೆ. 313ರಲ್ಲಿ ರೋಮನ್ ಸಾಮ್ರಾಜ್ಯವು ಈ ಮತಕ್ಕೆ ಸಹನೆಯನ್ನು ದಯಪಾಲಿಸಿದ ಮೇಲೆ ವಿಶಾಲವಾದ ಇಗರ್ಜಿಗಳು ಎದ್ದುವು. ಜನ ಅಲ್ಲಿಗೆ ಹೋಗಿ ಪ್ರಾರ್ಥಿಸಿ ಮನೆಗೆ ಬಂದು ಮಾಮೂಲಿನಂತೆ ಇರತೊಡಗಿದರು. ಇದು ಸಾಲದೆಂದು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಅಂತಿಯೋಕ್ಯದ ಪ್ರಸಿದ್ಧ ವಾಗ್ಮಿಯಾಗಿದ್ದ ಯೊವಾನ್ನ ಕ್ರಿಸೊಸ್ತೋಮನು ಒಬ್ಬ. ಇಗರ್ಜಿಯಿಂದ ಮರಳಿದವನು ಗ್ರಂಥವನ್ನು ಕೈಗೆ ತೆಗೆದುಕೊಂಡು, ಹೆಂಡತಿ ಮಕ್ಕಳನ್ನು ಕರೆದು, ಕೇಳಿಬಂದದ್ದನ್ನು ಅವರೊಡನೆ ಹಂಚಿಕೊಳ್ಳಬೇಕೆಂದೂ, ಮನೆಯನ್ನೇ ಸಭೆಯನ್ನಾಗಿ ಮಾಡಿಕೊಳ್ಳಬೇಕೆಂದೂ ಅವನು ಪದೇ ಪದೇ ಒತ್ತಾಯಿಸಿದನು. ಸಾವಿರಕ್ಕೂ ಮಿಕ್ಕ ವರ್ಷಗಳ ತರುವಾಯ ಮಾರ್ಟಿನ್ ಲೂಥರನು, ಸನ್ಯಾಸಾಶ್ರಮವೇ ಶ್ರೇಷ್ಠವೆಂಬ ಅಂದಿನ ಅಭಿಪ್ರಾಯವನ್ನು ಎದುರಿಸುತ್ತ, 1522ರ ಒಂದು ಬರಹದಲ್ಲಿ, ಕೂಸಿನ ಹೊಲಸು ಬಟ್ಟೆಯನ್ನು ಒಗೆಯುವ ತಂದೆಯನ್ನು ಕಂಡು ನೆರೆಹೊರೆಯವರು ಹೆಣ್ಣಿಗನೆಂದು ನಕ್ಕರೂ ದೇವರು ಸಮಸ್ತ ದೇವದೂತರೊಡನೆ ಸಂತೋಷದಿಂದ ನಗುತ್ತಾನೆ ಎಂಬರ್ಥದ ಮಾತನ್ನಾಡಿದನು. 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಮನೆಯ ಯಜಮಾನನು ಮನೆಯವರಿಗೆ ಕಲಿಸಬೇಕಾದ ಪಾಠವೆಂದೇ ರಚಿಸಿದನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಈ ಪರಂಪರೆಯ ದೂರದ ಶಾಖೆಯವರು. ಕಥೋಲಿಕರಲ್ಲಿ ಈ ಮಾತಿಗೆ ಅಧಿಕೃತವಾದ ಸ್ಥಾನ ದೊರೆತದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ ಧರ್ಮಸಭೆಯ ಕುರಿತಾದ ಸಂವಿಧಾನದಲ್ಲಿ. ಒಬ್ಬರನ್ನೊಬ್ಬರು ಒಪ್ಪದ ಎರಡು ಪಂಗಡಗಳು ಈ ಒಂದು ವಿಷಯದಲ್ಲಿ ಒಂದೇ ಹೊಸ್ತಿಲಿಗೆ ಬಂದು ನಿಂತದ್ದು ಗಮನಾರ್ಹ.

ತತ್ತ್ವವನ್ನು ಆಚಾರದಲ್ಲಿ ಕಾಣಬೇಕಾದರೆ ಮಂಗಳೂರು ಸೀಮೆಯ ಕೊಂಕಣಿ ಕಥೋಲಿಕರ ಮನೆಯೊಂದನ್ನು ಮುಸ್ಸಂಜೆಯ ಹೊತ್ತಿನಲ್ಲಿ ನೋಡಬೇಕು. ಇಗರ್ಜಿಯ ಗಂಟೆಯಾದ ಮೇಲೆ ಗೋಡೆಯ ಆಲ್ತಾರಿನ ಮುಂದೆ ದೀಪ ಹತ್ತುತ್ತದೆ. ಮನೆಯವರೆಲ್ಲ ಮೊಣಕಾಲೂರಿ ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆಯನ್ನು ಆರಂಭಿಸುತ್ತಾರೆ. ಮಾಲೆಯ 53 ಮಣಿಗಳಿಗೆ 53 ಸಲ ಮರಿಯಮ್ಮನಿಗೆ ನಮನ ಸಲ್ಲಬೇಕು. ಅಷ್ಟರಲ್ಲಿ ಕಿರಿಯವನಿಗೆ ತೂಕಡಿಕೆ. ಅವನ ಅಕ್ಕನಿಗೆ ಸೊಳ್ಳೆಯ ಕಾಟ. ತಾಯಿಯ ಕಿವಿ ಒಲೆಯ ಮೇಲೆ ಕುದಿಯುತ್ತಿರುವ ಕುಚ್ಚಲಕ್ಕಿಯ ಕಡೆಗೆ. ಇಂಥ ಪ್ರಾರ್ಥನೆಯಲ್ಲಿ ಏಕಾಗ್ರತೆಯೆಷ್ಟು ಎಂದು ಲೆಕ್ಕ ಹಾಕಹೊರಟರೆ ಉತ್ತರ ಉತ್ತೇಜನಕರವಾಗಿರಲಾರದು. ಎಲ್ಲ ಮುಗಿದ ಮೇಲೆ ಬರುವುದು ಬೆಸಾಂವ್: ಮಕ್ಕಳು ಕೈಜೋಡಿಸಿಕೊಂಡು ಹಿರಿಯರೊಬ್ಬೊಬ್ಬರ ಮುಂದೆಯೂ ನಿಂತು ಆಶೀರ್ವಾದವನ್ನು ಬೇಡುತ್ತಾರೆ, ಹಿರಿಯರು ದೇವರ ಹೆಸರಿನಲ್ಲಿ ಹರಸುತ್ತಾರೆ. ಮಧ್ಯಾಹ್ನವಷ್ಟೇ ಬೆತ್ತದ ರುಚಿ ತೋರಿಸಿದ ತಂದೆಯ ಮುಂದೆಯೂ ನಿಲ್ಲಬೇಕು. ತನಗೆ ಕೊಡದೆ ತಮ್ಮನಿಗೆ ಮಾತ್ರ ನೆವ್ರಿ ಎಂಬ ತಿಂಡಿ ಕೊಟ್ಟ ಅಜ್ಜಿಯ ಮುಂದೆಯೂ ನಿಲ್ಲಬೇಕು.

ಇಲ್ಲಿಯೇ ಮೊದಲನೆಯ ಪ್ರಶ್ನೆ ಏಳುತ್ತದೆ. ಮನಸ್ಸಿನಲ್ಲಿ ಸಿಟ್ಟಿಟ್ಟುಕೊಂಡು ಕೈಜೋಡಿಸುವುದು ಆಷಾಢಭೂತಿತನವಲ್ಲವೆ? ಅಂತರಂಗದಲ್ಲಿ ಇರುವುದನ್ನು ಮಾತ್ರ ಬಹಿರಂಗದಲ್ಲಿ ತೋರಿಸಬೇಕು ಎಂಬ ಆಧುನಿಕ ಪ್ರಾಮಾಣಿಕತೆಯ ಆದರ್ಶಕ್ಕೆ ಇದು ವಿರುದ್ಧವೇ ಸರಿ. ಆದರೆ ಹಳಬರ ನೀತಿಶಾಸ್ತ್ರ ಬೇರೊಂದು ಬಗೆಯಾಗಿ ಯೋಚಿಸಿತ್ತು. ವೀಣೆ ನುಡಿಸುತ್ತ ನುಡಿಸುತ್ತ ಒಬ್ಬನು ವೈಣಿಕನಾಗುವಂತೆ, ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯನು ನ್ಯಾಯವಂತನಾಗುತ್ತಾನೆಂದು ಅರಿಸ್ಟಾಟಲನು ಪ್ರತಿಪಾದಿಸಿದನು. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು ಅದನ್ನೇ ಕ್ರೈಸ್ತ ಧರ್ಮಶಾಸ್ತ್ರದ ಅಡಿಗಲ್ಲುಗಳಲ್ಲಿ ಒಂದನ್ನಾಗಿ ಮಾಡಿಕೊಂಡು, ಸದ್ಗುಣವೆಂದರೆ ಪುನಃಪುನಃ ಮಾಡಿದ ಕ್ರಿಯೆಯಿಂದ ಸ್ವಭಾವದಲ್ಲಿ ನೆಲೆಗೊಂಡ ಒಲವು ಎಂದು ವಿವರಿಸಿದನು, ದೈವಾನುಗ್ರಹದಿಂದ ಮಾತ್ರ ಲಭಿಸುವ ಗುಣಗಳೂ ಉಂಟೆಂದು ಸೇರಿಸುವುದನ್ನು ಮರೆಯದೆ. ಹದಿನೇಳನೆಯ ಶತಮಾನದ ಪಾಸ್ಕಲನಂತೂ ನಂಬಲಾರದೆ ತೊಳಲುವವನಿಗೆ, ನಂಬಿದವರು ಮಾಡುವುದನ್ನು ನೀನೂ ಮಾಡುತ್ತ ಹೋಗು ಎಂಬ ಧಾಟಿಯಲ್ಲಿ ಬುದ್ಧಿ ಹೇಳಿದನು. ಈ ದೃಷ್ಟಿಯಿಂದ ನೋಡಿದರೆ ಸಿಟ್ಟಿನ ನಡುವೆಯೂ ಬೆಸಾಂವ್ ಬೇಡುವ ಹುಡುಗನು ಸುಳ್ಳಾಡುತ್ತಿಲ್ಲ. ತಾನು ಇನ್ನೂ ಆಗಿಲ್ಲದ ಮನುಷ್ಯನಾಗುವುದಕ್ಕೆ ಅವನ ಮೊಣಕಾಲುಗಳು ಅವನಿಗಿಂತ ಮೊದಲೇ ಒಪ್ಪಿಕೊಂಡಿವೆ. ಮನಸ್ಸು ಹಿಂದಿನಿಂದ ಬರುತ್ತದೆ, ಕೆಲವೊಮ್ಮೆ ಹತ್ತಾರು ವರ್ಷ ತಡವಾಗಿ.

ಎರಡನೆಯ ಪ್ರಶ್ನೆ ಇನ್ನೂ ತೊಡಕಿನದು. ಹರಸುವವನು ಯೋಗ್ಯನಲ್ಲದಿದ್ದರೆ? ಕುಡಿದು ಬಂದ ತಂದೆ, ಸೊಸೆಯನ್ನು ಗೋಳಾಡಿಸುವ ಅಜ್ಜಿ, ಅಡಕೆ ಮಾರಿದ ಹಣದಲ್ಲಿ ತಮ್ಮನಿಗೆ ವಂಚಿಸಿದ ದೊಡ್ಡಪ್ಪ, ಇವರ ಆಶೀರ್ವಾದಕ್ಕೆ ಬೆಲೆಯೇನು? ಇದೇ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಉತ್ತರ ಆಫ್ರಿಕದ ಧರ್ಮಸಭೆ ಎದುರಿಸಬೇಕಾಗಿ ಬಂದಿತ್ತು. ಹಿಂಸೆಯ ಕಾಲದಲ್ಲಿ ಹೆದರಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದಂಥ ಗುರುಗಳು ಕೊಟ್ಟ ಸಂಸ್ಕಾರ ಸಂಸ್ಕಾರವೇ ಅಲ್ಲವೆಂದು ದೊನಾತಿಸ್ಟರೆಂಬ ಪಂಗಡದವರು ಹಟ ಹಿಡಿದಿದ್ದರು. ಹಿಪ್ಪೋ ಪಟ್ಟಣದ ಬಿಷಪನಾಗಿದ್ದ ಅಗಸ್ಟೀನನು ಅವರಿಗೆ ಕೊಟ್ಟ ಉತ್ತರದ ತಿರುಳಿಷ್ಟು: ಕೊಡುವ ಕೈ ಗುರುವಿನದು, ಕೊಡಲ್ಪಡುವ ಕೃಪೆ ಅವನದಲ್ಲ, ಆದಕಾರಣ ಅವನ ಮಲಿನತೆ ಅದಕ್ಕೆ ಅಂಟದು. ಬೆಸಾಂವ್ ಇಗರ್ಜಿಯ ಏಳು ಸಂಸ್ಕಾರಗಳಲ್ಲಿ ಸೇರಿದ್ದಲ್ಲವಾದರೂ ಗೃಹಸಭೆಯಲ್ಲಿ ಈ ತರ್ಕಕ್ಕೆ ಹೊಸದೊಂದು ಸ್ವಾರಸ್ಯವುಂಟು. ಹರಸುವ ತಂದೆಗೆ ತಾನು ಯೋಗ್ಯನಲ್ಲವೆಂಬುದು ಗೊತ್ತು. ಬೇಡುವ ಮಗನಿಗೂ ಗೊತ್ತು. ಮಗನಿಗೆ ಗೊತ್ತೆಂಬುದು ತಂದೆಗೂ ಗೊತ್ತು. ಆದರೂ ತನ್ನದಲ್ಲದ್ದನ್ನು ಕೊಡುವುದಕ್ಕೆ ಆತ ಕೈಯೆತ್ತಲೇಬೇಕು. ಆ ಕೈಯೆತ್ತುವಿಕೆ ಹಿರಿಯನಿಗೆ ಪ್ರತಿಸಂಜೆಯ ಲಜ್ಜೆ, ಕಿರಿಯನಿಗೆ ಹಿರಿಯರ ಯೋಗ್ಯತೆಯನ್ನು ತೂಗುವ ಹೊಣೆಯಿಂದ ಬಿಡುಗಡೆ. ಇದನ್ನೇ ನೆಪ ಮಾಡಿಕೊಂಡು ಮನೆಯೊಳಗಿನ ದಬ್ಬಾಳಿಕೆಯನ್ನು ಮುಚ್ಚಿಡುವವರೂ ಇದ್ದಾರೆಂಬುದು ನಿಜ. ಅಗಸ್ಟೀನನು ಕೃಪೆಯನ್ನು ಕೈಯಿಂದ ಬೇರ್ಪಡಿಸಿದನೇ ಹೊರತು ಕೈಯ ಅಪರಾಧವನ್ನು ಮನ್ನಿಸಲಿಲ್ಲವೆಂಬುದನ್ನು ಅಂಥವರಿಗೆ ನೆನಪಿಸಬೇಕು.

ಕ್ಷಮೆಯ ವಿಷಯದಲ್ಲಿಯೂ ಮನೆಯ ಕಾಲಗಣನೆಯೇ ಬೇರೆ. ಕಾಣಿಕೆಯನ್ನು ವೇದಿಕೆಯ ಮುಂದೆಯೇ ಬಿಟ್ಟು ಮೊದಲು ಸೋದರನೊಡನೆ ರಾಜಿಯಾಗಿ ಬಾ ಎಂಬುದು ಸುವಾರ್ತೆಯ ಬೋಧೆ. ಸೂರ್ಯ ಮುಳುಗುವ ತನಕ ಸಿಟ್ಟನ್ನು ಇಟ್ಟುಕೊಳ್ಳಬೇಡಿರೆಂಬುದು ಅಪೊಸ್ತಲ ಪೌಲನ ಉಪದೇಶ. ಸ್ನೇಹಿತನೊಡನೆ ಮನಸ್ತಾಪವಾದರೆ ತಿಂಗಳುಗಟ್ಟಲೆ ಅವನ ಬೀದಿಯನ್ನೇ ತುಳಿಯದೆ ಇರಬಹುದು. ಒಂದೇ ಬಚ್ಚಲನ್ನೂ ಒಂದೇ ಊಟದ ಮೇಜನ್ನೂ ಹಂಚಿಕೊಂಡ ಅಣ್ಣತಮ್ಮಂದಿರಿಗೆ ಆ ಸೌಕರ್ಯವಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದ ನಮ್ಮ ಗಾದೆಗೂ ಪೌಲನಿಗೂ ಗಡುವಿನಲ್ಲಿ ಹೆಚ್ಚಿನ ವ್ಯತ್ಯಾಸವಿದ್ದಂತೆ ಕಾಣದು. ಪೋಪ್ ಫ್ರಾನ್ಸಿಸರು, ಸಂಸಾರವೆಂದ ಮೇಲೆ ಕೆಲವೊಮ್ಮೆ ತಟ್ಟೆಗಳು ಹಾರಾಡುವುದೂ ಉಂಟೆಂದು ವಿನೋದವಾಗಿ ಹೇಳುತ್ತಿದ್ದವರು, 2016ರ ತಮ್ಮ ಕುಟುಂಬವಿಷಯಕ ಗ್ರಂಥದಲ್ಲಿ, ರಾಜಿಗೆ ಮಂಡಿಯೂರಬೇಕಾಗಿಲ್ಲ, ಮಾತೂ ಬೇಕಾಗಿಲ್ಲ, ಒಂದು ಸಣ್ಣ ಸನ್ನೆ ಸಾಕೆಂದು ಬರೆದರು. ಬಲ್ಲವರ ಮಾತಿದು. ಮುನಿಸಿಕೊಂಡ ಗಂಡನ ತಟ್ಟೆಗೆ ಕೇಳದೆಯೇ ಇನ್ನೊಂದು ಮೀನಿನ ತುಂಡು ಬಿದ್ದಿತೆಂದರೆ ಪಾಪನಿವೇದನೆಯೂ ಪಾಪವಿಮೋಚನೆಯೂ ಒಟ್ಟಿಗೇ ಮುಗಿದಂತೆ.

ಈ ಕಲ್ಪನೆ ಬರಿಯ ಭಾವುಕತೆಯಲ್ಲವೆಂಬುದಕ್ಕೆ ಇತಿಹಾಸದ ಸಾಕ್ಷ್ಯವುಂಟು. ಜಪಾನಿನ ಆಳರಸರು 1614ರಲ್ಲಿ ಕ್ರೈಸ್ತಮತವನ್ನು ನಿಷೇಧಿಸಿ ಗುರುಗಳನ್ನು ಹೊರಗಟ್ಟಿದರು. ಅಳಿದುಳಿದವರು ಬೇಟೆಗೆ ಗುರಿಯಾದರು. 1865ರಲ್ಲಿ ನಾಗಸಾಕಿಯಲ್ಲಿ ವಿದೇಶೀಯರಿಗಾಗಿ ಹೊಸದಾಗಿ ಕಟ್ಟಿದ ಓಉರ ಇಗರ್ಜಿಗೆ ಹಳ್ಳಿಗರ ಗುಂಪೊಂದು ಬಂದು, ತಾವೂ ಅದೇ ನಂಬಿಕೆಯವರೆಂದು ಫ್ರೆಂಚ್ ಗುರು ಪೆತಿಜಾನನಿಗೆ ಗುಟ್ಟಾಗಿ ತಿಳಿಸಿದಾಗ ಅವನು ಬೆರಗಾದನು. ಇನ್ನೂರಕ್ಕೂ ಹೆಚ್ಚು ವರ್ಷ ಗುರುವಿಲ್ಲದೆ, ಇಗರ್ಜಿಯಿಲ್ಲದೆ, ಜ್ಞಾನಸ್ನಾನವನ್ನೂ ಬಾಯಿಪಾಠದ ಪ್ರಾರ್ಥನೆಗಳನ್ನೂ ಸಾಮಾನ್ಯ ರೈತರೂ ಬೆಸ್ತರೂ ಮನೆಯಿಂದ ಮನೆಗೆ, ತಂದೆಯಿಂದ ಮಗನಿಗೆ ದಾಟಿಸಿದ್ದರು. ನಮ್ಮ ಕರಾವಳಿಯ ಕಥೋಲಿಕರು 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟು, 1799ರ ಬಳಿಕ ಅಳಿದುಳಿದವರು ಊರಿಗೆ ಮರಳಿದಾಗ ಅವರ ಇಗರ್ಜಿಗಳಲ್ಲಿ ಹೆಚ್ಚಿನವು ಉಳಿದಿರಲಿಲ್ಲ; ಅವರಿಗೂ ಮನೆಯೇ ಸಭೆಯಾಗಬೇಕಿತ್ತು.

ಹಾಗೆಂದು ಒಗ್ಗಟ್ಟಾದ ಕುಟುಂಬವನ್ನು ಪೂಜಿಸಿ ಕುಳಿತರೆ ಕಲ್ಪನೆಯ ಅರ್ಧವನ್ನು ಬಿಟ್ಟಂತಾಗುತ್ತದೆ. ತಾಯಿಯೂ ಸೋದರರೂ ಹೊರಗೆ ಕಾದಿದ್ದಾರೆಂದು ಹೇಳಿಕಳುಹಿಸಿದಾಗ, ದೇವರ ಚಿತ್ತದಂತೆ ನಡೆಯುವವರೇ ತನಗೆ ತಾಯಿಯೂ ಸೋದರರೂ ಎಂದು ಸುತ್ತ ಕುಳಿತವರನ್ನು ತೋರಿಸಿದವನು ಯೇಸು. ಆದಿಕಾಲದ ಮನೆಯ ಸಭೆಗಳು ರಕ್ತಸಂಬಂಧಿಗಳ ಕೂಟಗಳಾಗಿರಲಿಲ್ಲ. ಅತಿಥಿಗಳೂ ಆಳುಗಳೂ ಗುಲಾಮರೂ ಅಲ್ಲಿ ಸೇರುತ್ತಿದ್ದರು. ಫಿಲೆಮೋನನ ಮನೆಯಿಂದ ಅಗಲಿಹೋಗಿದ್ದ ಒನೇಸಿಮನೆಂಬ ಗುಲಾಮನನ್ನು ಪೌಲನು ಸೆರೆಮನೆಯಿಂದ ಹಿಂದಕ್ಕೆ ಕಳುಹಿಸುತ್ತ, ಅವನನ್ನು ಇನ್ನು ಗುಲಾಮನಂತಲ್ಲ, ಪ್ರಿಯ ಸೋದರನಂತೆ ಸೇರಿಸಿಕೊಳ್ಳಬೇಕೆಂದು ಕೋರಿ ಒಂದು ಪುಟ್ಟ ಓಲೆಯನ್ನು ಬರೆದನು. ಅದು ಫಿಲೆಮೋನನಿಗೆ ಮಾತ್ರವಲ್ಲದೆ ಅವನ ಮನೆಯಲ್ಲಿ ಕೂಡುವ ಸಭೆಗೂ ಉದ್ದೇಶಿತವಾದದ್ದು. ಯಜಮಾನನಿಗೆ ಗುಟ್ಟಾಗಿ ಹೇಳಿ ಮುಗಿಸಬಹುದಾಗಿದ್ದ ಮಾತನ್ನು ಅವನ ನಡುಮನೆಯಲ್ಲಿ ಎಲ್ಲರ ಮುಂದೆ ಓದಿಸುವ ಏರ್ಪಾಡು ಪೌಲನ ಜಾಣ್ಮೆಯೆಂದೇ ನನ್ನ ಊಹೆ.

ಮಂಗಳೂರಿನವರ ಮನೆಗೆ ಸೇರಿದವರು ಯಾರು ಎಂಬುದು ಬಯಲಾಗುವ ದಿನ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಮರಿಯಮ್ಮನ ಜನ್ಮದಿನ. ಆ ದಿನ ಇಗರ್ಜಿಯಲ್ಲಿ ಹರಸಿ ಕೊಟ್ಟ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಎಲ್ಲರಿಗೂ ಹಂಚುತ್ತಾರೆ, ಇದೇ ನೊವೆಂ. ಮೀನು ಮಾಂಸಗಳಿಲ್ಲದ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಮುಂಬಯಿಯಲ್ಲಿಯೋ ದುಬೈಯಲ್ಲಿಯೋ ಇರುವ ಮಗನ ಪಾಲು ಚಿಟಿಕೆ ಪುಡಿಯಾಗಿ ಕಾಗದದ ಲಕೋಟೆಯಲ್ಲಿ ಅಂಚೆಯ ಮೂಲಕ ಹೋಗುವುದುಂಟು. ಸಾವಿರಾರು ಮೈಲಿ ದೂರದವನನ್ನು ಮರೆಯದ ಮನೆ, ವರ್ಷವಿಡೀ ತೇರ್ಸಿಗೆ ದನಿಗೂಡಿಸಿದ ಕೆಲಸದಾಕೆಯನ್ನು ಅದೇ ಮೇಜಿಗೆ ಕರೆಯುತ್ತದೆಯೆ ಎಂಬುದು ಬೇರೆ ಮಾತು. ಕರೆಯುವ ಮನೆಗಳೂ ಉಂಟು, ಅವಳ ಬಟ್ಟಲನ್ನು ಅಡುಗೆಮನೆಗೆ ಕಳುಹಿಸುವ ಮನೆಗಳೂ ಉಂಟು. ಎರಡನೆಯ ಬಗೆಯವರು ಫಿಲೆಮೋನನಿಗೆ ಬರೆದ ಆ ಓಲೆಯನ್ನು ಕೇಳಿಯೇ ಇಲ್ಲವೆನ್ನುವಂತಿಲ್ಲ; ಕಥೋಲಿಕರ ಮೂರು ವರ್ಷದ ವಾಚನಕ್ರಮದಲ್ಲಿ ಅದು ಭಾನುವಾರದ ಪೂಜೆಯಲ್ಲಿ ಓದಲ್ಪಡುವುದು ಒಮ್ಮೆ ಮಾತ್ರವಾದರೂ, ಆ ಭಾನುವಾರ ಬರುವುದು ಸೆಪ್ಟೆಂಬರ್ 4ರಿಂದ 10ರ ಒಳಗೆ.