ಜೋಳಿಗೆಗೆ ಹಾಕಲಾಗದ್ದು

2018ರಲ್ಲಿ ಲಿಂಗೈಕ್ಯರಾದ ನಮ್ಮ ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಬೇಡಿದ್ದು ಜನರ ಚಟಗಳನ್ನು. ಮುಂದೊಂದು ದಿನ ನಾನೂ ಅದರಲ್ಲಿ ತಂಬಾಕಿನ ಚೀಲ ಹಾಕಿದೆ, ಮತ್ತೆ ಮುಟ್ಟಲಿಲ್ಲ. ಬಿಡುವುದು ನನಗೆ ಬರುತ್ತದೆಂಬ ಹಮ್ಮು ಅಂದಿನಿಂದ.

ಸಕ್ಕರೆ ಕಾಯಿಲೆ ಆ ಹಮ್ಮನ್ನು ಮುರಿಯಿತು. ರಕ್ತ ಪರೀಕ್ಷೆಯ ಹಿಂದಿನ ರಾತ್ರಿ ಊಟವನ್ನೇ ಬಿಟ್ಟೆ. ಬೆಳಿಗ್ಗೆ ನೋಡಿದರೆ 168! "ಕದ್ದು ಏನರ ತಿಂದ್ರೇನ್ರಿ?" ಎಂದಳು ಹೆಂಡತಿ. ತಿಂದಿರಲಿಲ್ಲ. ನಸುಕಿನಲ್ಲಿ ದೇಹ ಏಳಲು ಸಿದ್ಧವಾಗುವಾಗ ಯಕೃತ್ತು ತಾನೇ ರಕ್ತಕ್ಕೆ ಸಕ್ಕರೆ ಬಿಡುತ್ತದೆ ಎಂದರು ಡಾಕ್ಟರು. ಮಾತ್ರೆ ನುಂಗಿ ಉಪವಾಸ ಬಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಲೂಬಹುದೆಂದು ಗದರಿಸಿದರು. ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಇನ್ನೊಂದು ಪರೀಕ್ಷೆಯಿದೆ. ಒಂದು ರಾತ್ರಿಯ ಸೋಗು ಅಲ್ಲಿ ನಡೆಯದು. ಹೆಂಡತಿಯ ಅನುಮಾನ ಪೂರ್ತಿ ಸುಳ್ಳಲ್ಲ. ಆ ಉಪವಾಸವೇ ನನ್ನ ಕಳ್ಳತನ.

ತಂಬಾಕನ್ನು ಜೋಳಿಗೆಗೆ ಹಾಕಬಹುದು. ರೊಟ್ಟಿಯನ್ನು ಹಾಕಿ ಬದುಕುವುದು ಹೇಗೆ? ಜೋಳದ ರೊಟ್ಟಿಯೂ ಹೊಟ್ಟೆಯೊಳಗೆ ಸಕ್ಕರೆಯೇ ಆಗುತ್ತದೆ. ತಂಬಾಕು ಬಿಡಲು ನನಗೆ ಒಂದು ದಿನದ ಧೈರ್ಯ ಸಾಕಾಗಿತ್ತು. ಮಿತವಾಗಿ ಉಣ್ಣಲು ಅದನ್ನು ದಿನಾ ಎರಡು ಹೊತ್ತು ತಾಟಿನ ಮುಂದೆ ಹೊಸದಾಗಿ ತಂದುಕೊಳ್ಳಬೇಕು. ಯಾವುದು ದೊಡ್ಡ ತ್ಯಾಗವೋ ಹೇಳಿ!

ಈಗ ರಾತ್ರಿ ಎರಡೇ ರೊಟ್ಟಿ, ಜೊತೆಗೆ ಧಾರಾಳ ಮೆಂತ್ಯಪಲ್ಲೆ, ಹೆಸರುಕಾಳು. ಉಂಡ ಮೇಲೆ ಬಜಾರದವರೆಗೆ ನಡಿಗೆ. ಮೂರನೆಯ ರೊಟ್ಟಿಗೆ ಕೈ ಚಾಚಿದರೆ ಹೆಂಡತಿ ಏನೂ ಅನ್ನುವುದಿಲ್ಲ. ಬುಟ್ಟಿಯನ್ನು ನನ್ನ ಮುಂದೆ ಹಿಡಿದು ಮುಖ ನೋಡುತ್ತಾಳೆ. ಅಂದು ಸ್ವಾಮಿಗಳೂ ಹೀಗೆಯೇ ಜೋಳಿಗೆ ಹಿಡಿದು ನಿಂತಿದ್ದರು.